ಬೆಳಕಿಗೆ ತಿರುಗಿದ ಗಿರಗಿಟ್ಲೆ



ರಜೆಯಲ್ಲಿ ಊರಿಗೆ ಹೋದಾಗ ಜಾತ್ರೆಯಲ್ಲಿ ಅಜ್ಜ ಕೊಡಿಸಿದ ಕಾಗದದ ಗಿರಗಿಟ್ಲೆ ನಿಮಗೆ ನೆನಪಿರಬಹುದು. ಗಾಳಿ ಬೀಸಿದರೆ ತಿರುಗುತ್ತದೆ, ಇಲ್ಲದಿದ್ದರೆ ಸುಮ್ಮನೆ ನಿಲ್ಲುತ್ತದೆ. ಆದರೆ ಗಾಜಿನ ಗೋಳದೊಳಗೆ ಭದ್ರವಾಗಿ ಮುಚ್ಚಿಟ್ಟ ಗಿರಗಿಟ್ಲೆಯೊಂದು ದೀಪ ಹತ್ತಿರ ತಂದ ಮಾತ್ರಕ್ಕೆ ಗಿರ್ರನೆ ತಿರುಗಿದರೆ? 1875ರ ಏಪ್ರಿಲ್ ತಿಂಗಳ ಒಂದು ಸಂಜೆ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ವಿದ್ವಾಂಸರು ಕಂಡದ್ದು ಇದನ್ನೇ.

1660ರಲ್ಲಿ ಹುಟ್ಟಿದ ಈ ಸಂಸ್ಥೆ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಆಗಾಗ ಸಂಜೆಯ ಕೂಟಗಳನ್ನು ನಡೆಸುತ್ತಿತ್ತು. ಹಾರ ತುರಾಯಿ, ಉದ್ದುದ್ದ ಭಾಷಣಗಳ ಸಭೆಯಲ್ಲ ಅದು. ಮೇಜುಗಳ ಮೇಲೆ ಹೊಸ ಉಪಕರಣಗಳು, ವಿಚಿತ್ರ ವಸ್ತುಗಳು. ಅತಿಥಿಗಳು ಮೇಜಿನಿಂದ ಮೇಜಿಗೆ ನಡೆಯುತ್ತ ನೋಡಬಹುದು, ಪ್ರಶ್ನೆ ಕೇಳಬಹುದು.

ಗಿರಗಿಟ್ಲೆಯನ್ನು ತಂದವನು ವಿಲಿಯಂ ಕ್ರೂಕ್ಸ್. 1861ರಲ್ಲಿ ಥ್ಯಾಲಿಯಂ ಎಂಬ ಲೋಹವನ್ನು ಕಂಡುಹಿಡಿದವನು ಈತನೇ. ಅದರ ಪರಮಾಣು ತೂಕವನ್ನು ನಿಖರವಾಗಿ ಅಳೆಯಲೆಂದು ನಿರ್ವಾತದಲ್ಲಿ ತಕ್ಕಡಿ ಇಟ್ಟು ತೂಗುತ್ತಿದ್ದಾಗ, ವಸ್ತು ಬಿಸಿಯಾಗಿದ್ದರೆ ತೂಕ ಏರುಪೇರಾಗುವುದನ್ನು ಗಮನಿಸಿದ. ಬೇರೆಯವರಾದರೆ ತಕ್ಕಡಿಯನ್ನು ಬೈದು ಸುಮ್ಮನಾಗುತ್ತಿದ್ದರೇನೋ! ಕ್ರೂಕ್ಸ್ ಬಿಡಲಿಲ್ಲ. ಅದರ ಬೆನ್ನು ಹತ್ತಿ ಕೊನೆಗೆ ಮಾಡಿದ್ದು ಈ ಉಪಕರಣ, ರೇಡಿಯೋಮೀಟರ್. ಬೆಂಡಿನ ನಾಲ್ಕು ತೆಳು ಬಿಲ್ಲೆಗಳು, ಪ್ರತಿಯೊಂದರ ಒಂದು ಮುಖಕ್ಕೆ ದೀಪದ ಮಸಿ, ಇನ್ನೊಂದು ಬೆಳ್ಳಗೆ. ಇವು ಸೂಜಿಯ ಮೊನೆಯ ಮೇಲೆ ಕುಳಿತಿವೆ. ಗೋಳದ ಗಾಳಿಯನ್ನೆಲ್ಲ ಹೆಚ್ಚುಕಡಿಮೆ ಹೊರಗೆಳೆಯಲಾಗಿದೆ.

ತಿರುಗಿಸುವವರು ಯಾರು? ಬೆಳಕೇ ತಳ್ಳುತ್ತದೆ ಎಂದು ಕ್ರೂಕ್ಸ್ ನಂಬಿದ. ಬೆಳಕಿಗೆ ಒತ್ತಡವಿದೆ ಎಂದು ಮಹಾ ವಿಜ್ಞಾನಿ ಮ್ಯಾಕ್ಸ್‌ವೆಲ್ 1873ರಲ್ಲೇ ಬರೆದಿದ್ದ. ಎಲ್ಲ ಸರಿಹೋಯಿತಲ್ಲ!

ಇಲ್ಲ, ಸರಿಹೋಗಲಿಲ್ಲ. ಗೋಡೆಗೆ ಎಸೆದ ಚೆಂಡು ಪುಟಿದು ಬಂದರೆ ಗೋಡೆಗೆ ಬೀಳುವ ಪೆಟ್ಟು ಹೆಚ್ಚು, ಅಂಟಿಕೊಂಡರೆ ಕಡಿಮೆ. ಬೆಳಕು ಪುಟಿಯುವುದು ಬಿಳಿ ಮುಖದಿಂದ. ಹಾಗಾದರೆ ಬೆಳಕು ತಳ್ಳಿದಾಗ ಬಿಳಿ ಮುಖವೇ ಹಿಂದೆ ಸರಿಯಬೇಕು. ಇಲ್ಲಿ ಹಿಂದೆ ಸರಿಯುತ್ತಿದ್ದುದು ಕಪ್ಪು ಮುಖ! ಗಿರಗಿಟ್ಲೆ ಉಲ್ಟಾ ತಿರುಗುತ್ತಿತ್ತು.

1876ರಲ್ಲಿ ಆರ್ಥರ್ ಶುಸ್ಟರ್ ಎಂಬ 24ರ ತರುಣ ಒಂದು ಸರಳ ಪ್ರಯೋಗ ಮಾಡಿದ. ಇಡೀ ಗೋಳವನ್ನೇ ಎಳೆಗಳಿಂದ ತೂಗುಹಾಕಿ ಬೆಳಕು ಬಿಟ್ಟ. ಬಿಲ್ಲೆಗಳು ಒಂದು ಕಡೆ ತಿರುಗಿದವು, ಗೋಳ ತುಸು ವಿರುದ್ಧ ದಿಕ್ಕಿಗೆ ತಿರುಗಿತು. ಅಂದರೆ ತಳ್ಳುವ ಬಲ ಹೊರಗಿನ ಬೆಳಕಿನದಲ್ಲ. ಬಿಲ್ಲೆಗೂ ಗಾಜಿಗೂ ನಡುವೆ, ಗೋಳದೊಳಗೇ ಇದೆ. ಅಲ್ಲಿ ಉಳಿದಿದ್ದ ಅಷ್ಟಿಷ್ಟು ಗಾಳಿಯದೇ ಈ ಕೆಲಸ. ಕಪ್ಪು ಮುಖ ಬೆಳಕನ್ನು ಹೀರಿ ಬಿಸಿಯಾಗುತ್ತದೆ. ಬಿಲ್ಲೆಯ ಅಂಚಿನಲ್ಲಿ ಗಾಳಿಯ ಕಣಗಳು ತಂಪು ಕಡೆಯಿಂದ ಬಿಸಿ ಕಡೆಗೆ ಜಾರಿ, ಅಲ್ಲಿ ಒತ್ತಡ ಹೆಚ್ಚಿಸಿ ಕಪ್ಪು ಮುಖವನ್ನು ತಳ್ಳುತ್ತವೆ. 1879ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಮತ್ತು ಮ್ಯಾಕ್ಸ್‌ವೆಲ್ ಇದನ್ನು ಗಣಿತದಿಂದ ಬಿಡಿಸಿಟ್ಟರು. ಗಾಳಿ ಹೆಚ್ಚಾದರೂ ಗಿರಗಿಟ್ಲೆ ನಿಲ್ಲುತ್ತದೆ, ಪೂರ್ತಿ ತೆಗೆದರೂ ನಿಲ್ಲುತ್ತದೆ.

ಕ್ರೂಕ್ಸ್ ಏನು ಮಾಡಿದ ಗೊತ್ತೇ? ಮುನಿಸಿಕೊಳ್ಳಲಿಲ್ಲ. ಗೋಳ ತಿರುಗುವ ಪ್ರಯೋಗವನ್ನು ತಾನೂ ಮಾಡಿ ನೋಡಿ, ಕಂಡದ್ದನ್ನು ಬರೆದು ಪ್ರಕಟಿಸಿದ. ನಿರ್ವಾತದ ಗೀಳನ್ನೂ ಬಿಡಲಿಲ್ಲ. ಮುಂದೆ ಆತ ಮಾಡಿದ ಗಾಜಿನ ನಳಿಕೆಗಳಂಥವುಗಳಿಂದಲೇ 1895ರಲ್ಲಿ ರಾಂಟ್ಜನ್ ಎಕ್ಸ್-ಕಿರಣವನ್ನು ಕಂಡ. 1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದ.

ಕಾಲೇಜಿನ ಪ್ರದರ್ಶನದಲ್ಲಿ ನಿಮ್ಮ ಮಾದರಿಯ ಪಕ್ಕ ನಿಂತಾಗ ಯಾರೋ ಕೇಳಿದ ಪ್ರಶ್ನೆಗೆ ಉತ್ತರ ತಪ್ಪೀತೆಂದು ನಾಲಿಗೆ ಒಣಗುತ್ತದಲ್ಲವೇ? ಆಗ ಈ ಗಿರಗಿಟ್ಲೆಯನ್ನು ನೆನೆಯಿರಿ. ವಿವರಣೆ ತಪ್ಪಿದ್ದರೂ ವಸ್ತುವನ್ನು ಎಲ್ಲರ ಮುಂದೆ ಇಟ್ಟದ್ದರಿಂದಲೇ ಸರಿಯಾದ ಉತ್ತರ ಹುಟ್ಟಿತು. ಬಚ್ಚಿಟ್ಟಿದ್ದರೆ ಅದು ಆಟಿಕೆಯಾಗಿಯೇ ಉಳಿಯುತ್ತಿತ್ತು.

ಕೊನೆಗೊಂದು ಒಗಟು. ತಿರುಗುತ್ತಿರುವ ರೇಡಿಯೋಮೀಟರನ್ನು ದೀಪದಿಂದ ದೂರ ಒಯ್ದು ಫ್ರಿಜ್ಜಿನಲ್ಲಿಟ್ಟರೆ ಸ್ವಲ್ಪ ಹೊತ್ತು ಹಿಮ್ಮುಖವಾಗಿ ತಿರುಗುತ್ತದೆ. ಏಕಿರಬಹುದು? ಉತ್ತರ ಮೇಲಿನ ಸಾಲುಗಳಲ್ಲೇ ಅಡಗಿದೆ. ಯೋಚಿಸಿ, ಮನೆಯಲ್ಲಿ ಅಪ್ಪ ಅಮ್ಮನಿಗೂ ಕೇಳಿ. ತಪ್ಪಾದರೂ ಚಿಂತೆಯಿಲ್ಲ!