ಅದು ಏನೂ ಮಾಡುವುದಿಲ್ಲ, ಸ್ವಾಮಿ!

"ಕಾಹೀ ಕರತ್ ನಾಹೀ." ಮರಾಠಿಯ ಈ ಮೂರು ಶಬ್ದಗಳನ್ನು ಕೇಳದ ಕನ್ನಡಿಗ ಠಾಣೆ ಶಹರದಲ್ಲಿ ಇರಲಾರ. ಕಟ್ಟಡದ ಲಿಫ್ಟಿನಲ್ಲಿ, ಉಪವನ ಕೆರೆಯ ದಂಡೆಯಲ್ಲಿ, ಬೆಳಗಿನ ಹಾಲಿನ ಅಂಗಡಿಯ ಮುಂದೆ ಸೊಂಟದೆತ್ತರದ ನಾಯಿಯೊಂದು ನಾಲಗೆ ಚಾಚಿ ನಮ್ಮ ಮೇಲೆ ಏರಿ ಬರುತ್ತದೆ. ಹತ್ತು ಮಾರು ಹಿಂದೆ ಅದರ ಧಣಿಗಳು ಮೊಬೈಲಿನಿಂದ ಕಣ್ಣೆತ್ತದೆ ಈ ಅಭಯವಾಕ್ಯವನ್ನು ದಯಪಾಲಿಸುತ್ತಾರೆ. ಧಣಿಗಳು ಕೊಟ್ಟ ಮಾತು ನಾಯಿಗೆ ತಿಳಿದಿದೆಯೇ ಎಂಬುದು ನಮ್ಮ ಬಡ ಪ್ರಶ್ನೆ. ಶಹರದಲ್ಲಾದರೆ ಪಕ್ಕಕ್ಕೆ ಸರಿಯಬಹುದು, ಅಂಗಡಿಯೊಳಗೆ ನುಗ್ಗಬಹುದು. ಬೆಟ್ಟದ ದಾರಿಯಲ್ಲಿ ಏನು ಮಾಡುವುದು? ಕಳೆದ ಮಳೆಗಾಲದಲ್ಲಿ ಈ ಪ್ರಶ್ನೆ ನಮಗೆ ಎದುರಾಯಿತು. ಅದಕ್ಕೇ ಈ ಬರಹ.

ನೌಪಾಡಾದ ಏಳೆಂಟು ಕನ್ನಡ ಕುಟುಂಬದವರು ಸೇರಿ ಒಂದು ಭಾನುವಾರ ಭಗೀರಥ ಜಲಪಾತಕ್ಕೆ ಹೊರಟಿದ್ದೆವು. ಠಾಣೆಯಿಂದ ಕರ್ಜತ್ ಗಾಡಿ ಹಿಡಿದು ಬದಲಾಪುರ ದಾಟಿದರೆ ವಾಂಗಣಿ. ಅಲ್ಲಿಂದ ಬೇಡಿಸ್‌ಗಾಂವ್ ಕಡೆಗೆ ಹಳ್ಳಿಯ ರಸ್ತೆ, ಆಮೇಲೆ ಗದ್ದೆಯ ಬದು, ಆಮೇಲೆ ಹಳ್ಳ, ಬಂಡೆ, ಪಾಚಿ. ಎದುರಿಗೆ ಚಂದೇರಿಯ ಕೋಡುಗಲ್ಲು, ಮಾಥೇರಾನಿನ ಬೆಟ್ಟಸಾಲು, ಮೋಡ. ಊರಿನ ಆಟಿ ತಿಂಗಳ ನೆನಪಾಗದ ಕರಾವಳಿಯವರು ಯಾರಿದ್ದಾರೆ? ಬುತ್ತಿಯಲ್ಲಿ ಪತ್ರೊಡೆಯೂ ಇತ್ತು; ಅದು ಬೇರೆ ಮಾತು.

ಕರಾವಳಿಯವರಾದ ನಮಗೆ ಗದ್ದೆಯ ಬದುವಿನ ಅಗಲ ಗೊತ್ತು. ಒಂದು ಪಾದ, ಹೆಚ್ಚೆಂದರೆ ಒಂದೂವರೆ. ಒಂದು ಬದಿಯಲ್ಲಿ ಆಗಷ್ಟೇ ನೆಟ್ಟ ನೇಜಿ, ಇನ್ನೊಂದು ಬದಿಯಲ್ಲಿ ನೀರು. ಎದುರಿನಿಂದ ಯಾರಾದರೂ ಬಂದರೆ ಒಬ್ಬರು ನಿಲ್ಲಬೇಕು, ಒಬ್ಬರು ದಾಟಬೇಕು. ಇದು ಹಳ್ಳಿಯ ಮಕ್ಕಳೂ ಬಲ್ಲ ಮರ್ಯಾದೆ. ಆ ದಿನ ನಮ್ಮ ಹಿಂದಿನಿಂದ ಹಗ್ಗವಿಲ್ಲದ ಮೂರು ನಾಯಿಗಳು, ಎರಡು ಲ್ಯಾಬ್ರಡಾರ್ ಮತ್ತು ಒಂದು ಜರ್ಮನ್ ಶೆಫರ್ಡ್, ಅದೇ ಬದುವಿನ ಮೇಲೆ ಓಡಿ ಬಂದವು. ನಮ್ಮವರು ನೇಜಿಯೊಳಗೆ ಇಳಿದರು. ಒಬ್ಬ ಬಡ ರೈತನ ನಾಲ್ಕು ಗೇಣು ಗದ್ದೆ ನಮ್ಮ ಕಾಲಿನಿಂದಲೇ ಹಾಳಾಯಿತು. "ಕಾಹೀ ಕರತ್ ನಾಹೀ" ಎಂಬ ಕೂಗು ಆಗ ಮೊದಲನೆಯ ಸಲ ಕೇಳಿತು.

ಎರಡನೆಯ ಸಲ ಕೇಳಿದ್ದು ವಾಡಿಯ ಬಳಿ. ಆ ಬೆಟ್ಟದ ಬುಡದಲ್ಲಿ ಠಾಕೂರ್, ಕಾತಕರಿ ಜನರ ವಾಡಿಗಳಿವೆ. ಭಾನುವಾರ ಜೋಳದ ತೆನೆ ಸುಟ್ಟು, ಭಜಿ ಕರಿದು, ಚಹಾ ಕಾಸಿ ನಾಲ್ಕು ಕಾಸು ಕಾಣುವವರು ಅವರು. ಒಬ್ಬಾಕೆಯ ಅಂಗಳದಲ್ಲಿ ಮೇಯುತ್ತಿದ್ದ ಹೇಂಟೆಯನ್ನು ಆ ಶೆಫರ್ಡ್ ಹಿಡಿದು ಎರಡೇ ಸಲ ಕೊಡವಿತು. ಕೋಳಿ ಸತ್ತಿತು. ಧಣಿಗಳು ಬಂದು ಇನ್ನೂರು ರೂಪಾಯಿಯನ್ನು ಕಟ್ಟೆಯ ಮೇಲೆ ಇಟ್ಟು, ನಾಯಿಯನ್ನು ಇಂಗ್ಲಿಷಿನಲ್ಲಿ ಗದರಿಸಿ ಮುಂದೆ ನಡೆದರು. ಆಕೆಯ ಮುಖ ನೋಡಿ ಒಂದು ಮಾತಾದರೂ ಆಡಲಿಲ್ಲ.

ಮೂರನೆಯದು ಹಳ್ಳ ದಾಟುವಲ್ಲಿ. ನೀರು ಮೊಣಕಾಲಿನವರೆಗೆ, ಸೆಳೆತ ಇತ್ತು. ಕೈ ಕೈ ಹಿಡಿದು ಸಾಲಾಗಿ ದಾಟುತ್ತಿದ್ದೆವು. ಅರುವತ್ತೆಂಟು ಪ್ರಾಯದ ನಮ್ಮ ಅಕ್ಕನವರೊಬ್ಬರು ಸಾಲಿನ ನಡುವೆ. ನಾಯಿಗಳು ನೀರಿಗೆ ಹಾರಿ ಆ ಸಾಲಿನ ನಡುವೆಯೇ ನುಗ್ಗಿದವು. ಕೈ ಬಿಟ್ಟಿತು, ಅಕ್ಕ ಬಂಡೆಯ ಮೇಲೆ ಬಿದ್ದರು, ಮಣಿಕಟ್ಟಿನ ಎಲುಬು ಮುರಿಯಿತು. ಹೆದರಿ ಕಿರುಚಿ ಓಡಿದ ಒಂಬತ್ತು ವರ್ಷದ ಹುಡುಗಿಯ ಮೀನಖಂಡಕ್ಕೆ ಲ್ಯಾಬ್ರಡಾರಿನ ಹಲ್ಲು ತಾಗಿ ರಕ್ತ ಬಂತು. ಆಟಕ್ಕೆ ಹಿಡಿಯಿತೋ ಸಿಟ್ಟಿಗೆ ಹಿಡಿಯಿತೋ, ಹಲ್ಲು ಹಲ್ಲೇ.

ಲಸಿಕೆ ಹಾಕಿಸಿದೆಯೇ ಎಂದು ಹುಡುಗಿಯ ತಾಯಿ ಕೇಳಿದರು. "ಹಾಕಿಸಿದೆ, ಪುಸ್ತಕ ಮನೆಯಲ್ಲಿದೆ." ತಾಯಿ ನಮ್ಮ ಕಡೆ ತಿರುಗಿ ಕನ್ನಡದಲ್ಲಿ, ಇವರ ಮಾತು ನಂಬುವುದು ಹೇಗೆ ಎಂದಾಗ ಆ ಮಹನೀಯರ ಮುಖ ಒಮ್ಮೆಲೇ ಬದಲಾಯಿತು. "ಛೇ, ನೀವು ನಮ್ಮವರಾ! ಸಾರಿ ಸಾರಿ. ಗೊತ್ತೇ ಆಗಲಿಲ್ಲ. ಬನ್ನಿ, ಕಾರಿನಲ್ಲಿ ಬಿಡುತ್ತೇನೆ."

ಈ ಬರಹದ ಹುಟ್ಟಿಗೆ ಕಾರಣ ನಾಯಿಯ ಹಲ್ಲಲ್ಲ, ಈ ಮಾತು. ನಾವು ನಮ್ಮವರಾದ್ದರಿಂದ ಸಾರಿ. ಕೋಳಿ ಕಳೆದುಕೊಂಡಾಕೆ ಯಾರವಳು? ಆಕೆ ನಮ್ಮವಳಲ್ಲದ ಕಾರಣ ಇನ್ನೂರು ರೂಪಾಯಿ ಸಾಕಾಯಿತೆ? ಪರವೂರಿಗೆ ಬಂದು ಅನ್ನ ಕಂಡವರು ನಾವು. ಹೊಟೇಲಿನ ಗಲ್ಲದಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ, ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ "ನೀವು ಹೊರಗಿನವರು" ಎಂಬ ಮಾತು ಎಷ್ಟು ಚುಚ್ಚುತ್ತದೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಅಂಥವರೇ ಇನ್ನೊಬ್ಬರ ಅಂಗಳದಲ್ಲಿ ಹೀಗೆ ನಡೆದುಕೊಂಡರೆ ಹೇಳುವುದೇನು?

ಇದನ್ನು ಬರೆಯುತ್ತೇವೆ ಎಂದಾಗ ಕೆಲವು ಬಂಧುಗಳು ತಡೆದರು. ನಮ್ಮವರ ಮೇಲೆ ನಮ್ಮ ಪತ್ರಿಕೆಯಲ್ಲೇ ಬರೆಯುವುದೇ, ಹೆಸರು ಹಾಕದಿದ್ದರೂ ನಾಲ್ಕು ಜನಕ್ಕೆ ಗೊತ್ತಾಗುವುದಿಲ್ಲವೇ ಎಂದರು. ಗೊತ್ತಾಗಲಿ. ನಮ್ಮವರ ತಪ್ಪನ್ನು ನಮ್ಮ ಪತ್ರಿಕೆಯಲ್ಲಿ ಬರೆಯಬಾರದಾದರೆ ಇನ್ನೆಲ್ಲಿ ಬರೆಯುವುದು?

ನಾವು ನಾಯಿಯ ವೈರಿಗಳಲ್ಲ. ಜಗಲಿಯ ಮೆಟ್ಟಲಲ್ಲಿ ನಾಯಿ ಮಲಗದ ಮನೆ ನಮ್ಮ ಊರಿನಲ್ಲಿ ಇರಲಿಲ್ಲ. ಧರ್ಮರಾಯ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರುವುದಿಲ್ಲವೆಂದ ಕಥೆಯನ್ನು ಆ ಮಹನೀಯರ ಸ್ನೇಹಿತರೊಬ್ಬರು ನಮಗೆ ನೆನಪಿಸಿದರು. ಒಳ್ಳೆಯದು. ಆದರೆ ಆ ನಾಯಿ ಧರ್ಮರಾಯನ ಹಿಂದಿನಿಂದ ನಡೆದು ಬಂತು ಸ್ವಾಮಿ, ದ್ರೌಪದಿಯನ್ನು ಕೆಡವಿ ಮುಂದೆ ಓಡಲಿಲ್ಲ.

"ಬೀದಿನಾಯಿಗಳೂ ಅಲ್ಲಿವೆಯಲ್ಲ, ಅವನ್ನು ಯಾರು ಕೇಳುತ್ತಾರೆ?" ಎಂಬುದು ಇನ್ನೊಂದು ವಾದ. ಇವೆ, ನಿಜ. ಜಲಪಾತದ ಕೆಳಗೆ ಅವುಗಳ ಹಿಂಡು ಏಕೆ ಬೆಳೆಯುತ್ತದೆ? ವಿಹಾರಕ್ಕೆ ಬಂದವರು ಎಸೆದ ವಡಾಪಾವ್, ಕೋಳಿಯ ಎಲುಬು, ಬಿರಿಯಾನಿಯ ತಟ್ಟೆಗಳಿಂದ. ಬೀದಿನಾಯಿಯ ಪ್ರಶ್ನೆ ಸುಲಭದ್ದಲ್ಲ. 2025ರ ಆಗಸ್ಟ್ 11ರಂದು ದಿಲ್ಲಿಯ ನಾಯಿಗಳ ಬಗ್ಗೆ ಆಜ್ಞೆ ಮಾಡಿದ ಸುಪ್ರೀಂ ಕೋರ್ಟು 22ರಂದು ಅದನ್ನೇ ತಿದ್ದಬೇಕಾಯಿತು. ಆದರೆ ಸಾಕಿದ ನಾಯಿಯ ಪ್ರಶ್ನೆಯಲ್ಲಿ ಯಾವ ಜಟಿಲತೆಯೂ ಇಲ್ಲ. ಅದಕ್ಕೊಬ್ಬ ಧಣಿ ಇದ್ದಾನೆ, ಧಣಿಗೆ ಕೈ ಇದೆ, ಪೇಟೆಯಲ್ಲಿ ಹಗ್ಗ ಸಿಗುತ್ತದೆ. ತನ್ನ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ನೋಡಿಕೊಳ್ಳದವನಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಲ್ಲಿ ಆರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇವೆ. ಹಳೆಯ ದಂಡಸಂಹಿತೆಯಲ್ಲೂ 289ನೆಯ ಕಲಮು ಇದನ್ನೇ ಹೇಳುತ್ತಿತ್ತು, ದಂಡ ಮಾತ್ರ ಸಾವಿರ. ಕಾಯಿದೆ ಹೊಸತಲ್ಲ, ನಮ್ಮ ಮರೆವೂ ಹೊಸತಲ್ಲ.

ಹುಡುಗಿಯ ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದೆವು. ಇದನ್ನು ಓದುಗರು ನೆನಪಿಡಬೇಕು, ಏಕೆಂದರೆ ಅರಶಿನ, ಸುಣ್ಣ, ಮೆಣಸಿನ ಹುಡಿ ಹಚ್ಚುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅದೇ ದಿನ ಚುಚ್ಚುಮದ್ದು. ಮತ್ತೆ 3, 7, 28ನೆಯ ದಿನ. ರಕ್ತ ಬಂದ ಗಾಯಕ್ಕೆ ಇಮ್ಯುನೊಗ್ಲೋಬ್ಯುಲಿನ್ ಬೇರೆ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿಯ ಕಾಲ ಹೋಯಿತು, ಆದರೆ ರೇಬಿಸ್ ಲಕ್ಷಣ ತೋರಿದ ಮೇಲೆ ಬದುಕುವ ಆಸೆ ಇಲ್ಲವೆಂಬುದು ಹೋಗಿಲ್ಲ. ನಾಯಿಯ ಲಸಿಕೆಯ ಪುಸ್ತಕ ನಾಲ್ಕನೆಯ ದಿನ ಬಂತು. ಲಸಿಕೆ ಸರಿಯಾಗಿಯೇ ಹಾಕಿಸಿದ್ದರು ಎಂದು ನ್ಯಾಯವಾಗಿ ಬರೆಯುತ್ತೇವೆ. ಆ ನಾಲ್ಕು ದಿನ ತಂದೆತಾಯಿ ನಿದ್ದೆ ಮಾಡಲಿಲ್ಲವೆಂಬುದನ್ನೂ ಬರೆಯುತ್ತೇವೆ.

ಕಾಡಿನ ಮಾತು ಬೇರೆಯೇ ಇದೆ. ನೌಪಾಡಾದಿಂದ ಬಸ್ಸಿನಲ್ಲಿ ಹೋಗಬಹುದಾದ ಯೇವೂರಿನ ಬೆಟ್ಟ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು; ಆ ಉದ್ಯಾನದ ಚಿರತೆಗಳ ಆಹಾರದಲ್ಲಿ ಸುಮಾರು ಕಾಲುಪಾಲು ನಾಯಿಗಳೇ ಎಂದು ಅಧ್ಯಯನ ಮಾಡಿದವರು ಹೇಳಿದ್ದಾರೆ. ಉದ್ಯಾನದೊಳಗೆ ಸಾಕುನಾಯಿ ತರುವಂತಿಲ್ಲ. ಆದರೂ "ಸ್ವಲ್ಪ ಓಡಾಡಲಿ ಪಾಪ" ಎಂದು ಬಿಡುವವರಿದ್ದಾರೆ. ಬಿಟ್ಟ ನಾಯಿ ಚಿರತೆಗೆ ಊಟ, ಅದರ ಹಿಂದೆ ಓಡುವ ಮಗುವಿಗೆ ಅಪಾಯ. ರೋಗವೂ ದಾಟುತ್ತದೆ. 1994ರಲ್ಲಿ ಆಫ್ರಿಕದ ಸೆರೆಂಗೆಟಿಯಲ್ಲಿ ನಾಯಿಗಳ ಡಿಸ್ಟೆಂಪರ್ ರೋಗ ತಗಲಿ ಸುಮಾರು ಸಾವಿರ ಸಿಂಹಗಳು ಸತ್ತವು. 2018ರಲ್ಲಿ ನಮ್ಮ ಗೀರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ 23 ಸಿಂಹಗಳು ಸತ್ತಾಗ ಕೆಲವದರಲ್ಲಿ ಇದೇ ವೈರಾಣು ಸಿಕ್ಕಿತು.

ಇಷ್ಟಾದ ಮೇಲೆ ನಮ್ಮ ಸಂಘದ ಒಬ್ಬರು ಪದಾಧಿಕಾರಿಗಳನ್ನು ಕಂಡೆವು. ಅವರು ಪೊಲೀಸರಿಗೆ ಹೇಳಿ ಎಂದರು. ಪೊಲೀಸರು ಅರಣ್ಯದವರನ್ನು ಕೇಳಿ ಎಂದರು. ಅರಣ್ಯದವರು ಗದ್ದೆ ಗ್ರಾಮಪಂಚಾಯತಿಯದು ಎಂದರು. ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ. ಇಲ್ಲಿ ನಾಯಿಯ ಮಾತು ಹೇಳಲು ಹೋದವರಿಗೆ ಬಾಲವೇ ಸಿಕ್ಕಿತು.

ಸರಕಾರಕ್ಕೆ ಗೊತ್ತಿರುವ ಉಪಾಯ ಒಂದೇ, ಬಂದ್ ಮಾಡುವುದು. ಮಳೆ ಬಂದರೆ ಜಿಲ್ಲೆಯ ಜಲಪಾತ, ಅಣೆಕಟ್ಟುಗಳಿಗೆ ನಿಷೇಧಾಜ್ಞೆ ಬೀಳುತ್ತದೆ, ಮೊದಲು 144ನೆಯ ಕಲಮು, ಈಗ ನಾಗರಿಕ ಸುರಕ್ಷಾ ಸಂಹಿತೆಯ 163. ಕಾರಣ ಇಲ್ಲದಿಲ್ಲ. 2019ರ ಆಗಸ್ಟಿನಲ್ಲಿ ಖಾರ್ಘರ್‌ನಲ್ಲಿ ನಾಲ್ವರು ಕಾಲೇಜು ಹುಡುಗಿಯರು ನೀರುಪಾಲಾದರು. 2024ರ ಜೂನ್ 30ರಂದು ಲೋನಾವಳದ ಭೂಶಿ ಅಣೆಕಟ್ಟಿನ ಹಿಂದೆ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಬದಲಾಪುರ, ವಾಂಗಣಿಗಳ ನಡುವೆಯೇ 2019ರ ಜುಲೈ 27ರಂದು ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಸಾವಿರಕ್ಕೂ ಹೆಚ್ಚು ಪ್ರಯಾಣಿಕರೊಡನೆ ನೆರೆಯಲ್ಲಿ ನಿಂತು, ದೋಣಿಯಲ್ಲಿ ಜನರನ್ನು ಇಳಿಸಬೇಕಾಯಿತು. ರೈಲನ್ನೇ ತಡೆದ ನೀರು ಅದು. ಅಂಥ ನೀರಿನ ನಡುವೆ ಹಿಡಿದ ಕೈಯನ್ನು ಬಿಡಿಸುವ ನಾಯಿ "ಏನೂ ಮಾಡುವುದಿಲ್ಲ"! ಬಂದ್ ಮಾಡಿದರೆ ನಾಯಿಯ ಧಣಿಗಳಿಗೆ ನಷ್ಟವಿಲ್ಲ. ಅವರು ಕಾರು ತಿರುಗಿಸಿ ಇನ್ನೊಂದು ಬೆಟ್ಟಕ್ಕೆ ಹೋಗುತ್ತಾರೆ. ತೆನೆ ಸುಡುವಾಕೆಗೆ ಮಾತ್ರ ಒಲೆ ಹಚ್ಚುವ ಕೆಲಸವಿಲ್ಲ.

ಆದ್ದರಿಂದ ಕಾರ್ಯಕಾರಿ ಸಮಿತಿಯ ಮುಂದೆ ನಾವು ಇಡುವುದು ಇಷ್ಟೇ. ಸಂಘದ ಹೆಸರಿನಲ್ಲಾಗಲಿ ಸದಸ್ಯರ ಗುಂಪಿನಲ್ಲಾಗಲಿ ಚಾರಣಕ್ಕೆ ಹೊರಡುವಾಗ ನಾಯಿ ಬರುವುದಾದರೆ ಕೈಯಲ್ಲಿ ಹಿಡಿದ ಹಗ್ಗದೊಡನೆ, ಲಸಿಕೆಯ ಪುಸ್ತಕದೊಡನೆ ಬರಲಿ. ರಾಷ್ಟ್ರೀಯ ಉದ್ಯಾನಕ್ಕಾದರೆ ಬರುವುದೇ ಬೇಡ. ಉಳಿದ ತಿಂಡಿ ಡಬ್ಬದಲ್ಲಿ ವಾಪಸು ಬರಲಿ. ನೇಜಿ ತುಳಿದವರು, ನಾವೂ ಸೇರಿ, ಆ ರೈತನನ್ನು ಹುಡುಕಿ ಹೋಗಿ ಮಾತಾಡಲಿ. ನಾವು ಹೋಗಿ ಬಂದೆವು, ಆತ ಹಣ ಬೇಡವೆಂದು ಮುಂದಿನ ಸಲ ಮೇಲಿನ ದಾರಿಯಲ್ಲಿ ಬನ್ನಿ ಎಂದು ದಾರಿ ತೋರಿಸಿದ.

ಅಕ್ಕನವರ ಕೈಯ ಪ್ಲಾಸ್ಟರು ಆರು ವಾರಗಳ ಮೇಲೆ ತೆಗೆದರು. ಆಸ್ಪತ್ರೆಯ ಬಿಲ್ಲಿನ ಅರ್ಧವನ್ನು ಆ ಮಹನೀಯರು ತಾವಾಗಿ ಕೊಟ್ಟಿದ್ದಾರೆ. ಕೋಳಿಯಾಕೆಯ ಮನೆಗೆ ಅವರು ಇನ್ನೂ ಹೋಗಿಲ್ಲ. ವಾಂಗಣಿಯಿಂದ ದಾರಿ ಹೇಗೆಂದು ಗೊತ್ತಾಗದಿದ್ದರೆ ನಮ್ಮನ್ನು ಕೇಳಲಿ. ಯಾವ ಭಾನುವಾರವಾದರೂ ಜೊತೆಗೆ ಬರುತ್ತೇವೆ.