ಲೆಕ್ಕ ಬಲ್ಲ ಹೆಣ್ಣುಮಕ್ಕಳಿಗೆ ದಾರಿ ತೋರುವವರು ಯಾರು?

ಪಿಯುಸಿ ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ನಮ್ಮ ಊರುಗಳಲ್ಲಿ ಒಂದು ಸಂಭ್ರಮವಿರುತ್ತದೆ. ವಾಣಿಜ್ಯ ವಿಭಾಗದಲ್ಲಿ ಅತ್ಯುತ್ತಮ ಅಂಕ ಗಳಿಸಿದ ಸ್ಕಾರ್ಫ್‌ಧಾರಿ ವಿದ್ಯಾರ್ಥಿನಿಯ ಭಾವಚಿತ್ರ ಒಂದು ಮೊಬೈಲಿನಿಂದ ಇನ್ನೊಂದು ಮೊಬೈಲಿಗೆ ಹರಿದಾಡುತ್ತದೆ. ಜಮಾಅತಿನವರು ಸಭೆ ಕರೆಯುತ್ತಾರೆ. ಸ್ಮರಣಿಕೆ ಕೊಡುತ್ತಾರೆ. ವೇದಿಕೆಯ ಮೇಲಿದ್ದವರೆಲ್ಲ ಶಿಕ್ಷಣದ ಮಹತ್ವದ ಕುರಿತು ಮಾತನಾಡುತ್ತಾರೆ. ಮೂರು ವರ್ಷಗಳ ಬಳಿಕ ಆಕೆ ಬಿ.ಕಾಂ. ಮುಗಿಸುತ್ತಾಳೆ. ಆ ಬಳಿಕ ಏನಾಗುತ್ತದೆ? ಸ್ಮರಣಿಕೆ ಶೋಕೇಸಿನಲ್ಲಿ ಉಳಿಯುತ್ತದೆ. ಆಕೆ ಕಲಿತ ಲೆಕ್ಕಶಾಸ್ತ್ರ ಅಂಕಪಟ್ಟಿಯಲ್ಲಿ ಉಳಿಯುತ್ತದೆ.

ಮದುವೆಯಾಗುವುದು ತಪ್ಪೆಂದು ನಾವು ಹೇಳುತ್ತಿಲ್ಲ. ದುಡಿಯದ ಹೆಣ್ಣಿನ ಬದುಕು ವ್ಯರ್ಥ ಎಂಬ ವಾದವೂ ನಮ್ಮದಲ್ಲ. ನಮ್ಮ ಪ್ರಶ್ನೆ ಬೇರೆ. ಮುಂದೆ ಓದಬೇಕು, ಈ ಕ್ಷೇತ್ರದಲ್ಲಿ ದುಡಿಯಬೇಕು ಎಂದು ಬಯಸುವ ಹುಡುಗಿ ಯಾರ ಬಳಿ ಹೋಗಿ ಕೇಳಬೇಕು? ಆಕೆಯ ಕೈ ಹಿಡಿಯುವವರನ್ನು ಹುಡುಕಲು ಇಡೀ ಕುಟುಂಬವೇ ಸಿದ್ಧವಿದೆ. ಆಕೆಗೆ ದಾರಿ ತೋರಿಸುವವರನ್ನು ಹುಡುಕಲು ಯಾರಿದ್ದಾರೆ?

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ನಮಗೆ ಮಲೇಷ್ಯಾದ ಝೆಟಿ ಅಖ್ತರ್ ಅಝೀಝ್ ನೆನಪಾಗುತ್ತಾರೆ. 2000ದಿಂದ 2016ರ ವರೆಗೆ ಹದಿನಾರು ವರ್ಷಗಳ ಕಾಲ ಆ ದೇಶದ ಕೇಂದ್ರ ಬ್ಯಾಂಕಾದ ಬ್ಯಾಂಕ್ ನೆಗಾರದ ಗವರ್ನರ್ ಆಗಿದ್ದವರು ಅವರು. ಆ ಸ್ಥಾನಕ್ಕೇರಿದ ಪ್ರಥಮ ಮಹಿಳೆ. ಅವರ ಸಾಧನೆಯನ್ನು ಹೊಗಳುವುದು ಈ ಲೇಖನದ ಉದ್ದೇಶವಲ್ಲ. ಅವರು ಅಲ್ಲಿಯವರೆಗೆ ಹೇಗೆ ತಲುಪಿದರು ಎಂಬುದರಲ್ಲಿ ನಮಗೊಂದು ಪಾಠವಿದೆ.

ಅವರ ಮೊದಲ ಶಾಲೆ ಮನೆಯೇ ಆಗಿತ್ತು. ತಂದೆ ಉಂಗ್ಕು ಅಝೀಝ್ ಮಲೇಷ್ಯಾದ ಹೆಸರಾಂತ ಅರ್ಥಶಾಸ್ತ್ರಜ್ಞ. 1968ರಿಂದ 1988ರ ವರೆಗೆ ಮಲಾಯಾ ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದವರು. ತಾಯಿ ಅಝಾ ಅಝೀಝ್ ಪತ್ರಕರ್ತೆ, ಲೇಖಕಿ. ಹಳ್ಳಿಯ ಬಡ ಮಲಯ ಮುಸ್ಲಿಮರು ಹಜ್ಜ್‌ಗೆ ಹೋಗಲು ಏನು ಮಾಡುತ್ತಾರೆ ಎಂಬುದನ್ನು ಉಂಗ್ಕು ಅಝೀಝ್ ಗಮನಿಸಿದ್ದರು. ಬಡ್ಡಿಯ ಭಯದಿಂದ ಅವರು ಬ್ಯಾಂಕಿಗೆ ಹೋಗುತ್ತಿರಲಿಲ್ಲ. ಹಣವನ್ನು ಮನೆಯಲ್ಲೇ ಬಚ್ಚಿಡುತ್ತಿದ್ದರು. ಕೊನೆಗೆ ಹೊಲವನ್ನೋ ಜಾನುವಾರುಗಳನ್ನೋ ಮಾರಿ ಹೊರಡುತ್ತಿದ್ದರು. ಹಜ್ಜ್ ಮುಗಿಸಿ ಬಂದಾಗ ಬದುಕಲು ಏನೂ ಉಳಿದಿರುತ್ತಿರಲಿಲ್ಲ. ಇದಕ್ಕೆ ಪರಿಹಾರವಾಗಿ 1959ರಲ್ಲಿ ಅವರು ಒಂದು ಪ್ರಬಂಧ ಬರೆದು, ಬಡ್ಡಿರಹಿತವಾಗಿ ಹಜ್ಜ್ ಉಳಿತಾಯ ಮಾಡುವ ಸಂಸ್ಥೆಯ ರೂಪುರೇಷೆಯನ್ನು ಸರಕಾರದ ಮುಂದಿಟ್ಟರು. 1963ರಲ್ಲಿ ಆ ಸಂಸ್ಥೆ ಅಸ್ತಿತ್ವಕ್ಕೆ ಬಂತು. ಅದೇ ಇಂದು ಜಗತ್ತಿನಾದ್ಯಂತ ಪರಿಚಿತವಾಗಿರುವ ತಾಬುಂಗ್ ಹಾಜಿ.

ಇಂಥ ಮನೆಯಲ್ಲಿ ಬೆಳೆದ ಮಗಳಿಗೆ ಹಣ ಎಂದರೆ ಬರೀ ಆಭರಣವಾಗಿಯೋ ಖರ್ಚಾಗಿಯೋ ಕಾಣದಿದ್ದರೆ ಅದರಲ್ಲಿ ಅಚ್ಚರಿಯೇನಿದೆ? ಝೆಟಿ ಮಲಾಯಾ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರ ಓದಿದರು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದರು. ದೇಶದಿಂದ ದೇಶಕ್ಕೆ ಹರಿಯುವ ಬಂಡವಾಳ ಮತ್ತು ಅದರಿಂದ ಹಣಕಾಸು ನೀತಿಯ ಮೇಲಾಗುವ ಪರಿಣಾಮ ಅವರ ಅಧ್ಯಯನದ ವಿಷಯವಾಗಿತ್ತು. ಊರಿಗೆ ಮರಳಿದ ಬಳಿಕ ಅವರೇನೂ ನೇರವಾಗಿ ಉನ್ನತ ಹುದ್ದೆಗೇರಲಿಲ್ಲ. ಆಗ್ನೇಯ ಏಷ್ಯಾದ ಕೇಂದ್ರ ಬ್ಯಾಂಕುಗಳು ಸೇರಿ ನಡೆಸುವ ಸಂಶೋಧನೆ ಮತ್ತು ತರಬೇತಿ ಕೇಂದ್ರದಲ್ಲಿ ಸುಮಾರು ಐದು ವರ್ಷ ದುಡಿದರು. 1985ರಲ್ಲಿ ಬ್ಯಾಂಕ್ ನೆಗಾರ ಸೇರಿ, ಅಲ್ಲಿ ಒಂದೊಂದೇ ಮೆಟ್ಟಿಲೇರುತ್ತಾ ಸಹಾಯಕ ಗವರ್ನರ್ ಆದರು. ಹಿರಿಯ ಅಧಿಕಾರಿಗಳ ಕೈಕೆಳಗೆ ಕೆಲಸ ಕಲಿಯಲು ಅವರಿಗೆ ಹದಿಮೂರು ವರ್ಷಗಳು ದೊರೆತವು.

ಆ ಬಳಿಕ ಪರೀಕ್ಷೆಯ ಗಳಿಗೆ ಬಂತು. 1997ರಲ್ಲಿ ಥಾಯ್ಲೆಂಡಿನಲ್ಲಿ ಶುರುವಾದ ಆರ್ಥಿಕ ಬಿಕ್ಕಟ್ಟು ಇಡೀ ಪ್ರದೇಶವನ್ನು ನಡುಗಿಸಿತು. ಒಂದು ಡಾಲರಿಗೆ ಸುಮಾರು 2.50ರಷ್ಟಿದ್ದ ಮಲೇಷ್ಯಾದ ರಿಂಗಿಟ್, 1998ರ ಜನವರಿಯಲ್ಲಿ 4.80ನ್ನೂ ದಾಟಿ ಕುಸಿಯಿತು. ಬಂಡವಾಳವು ದೇಶದಿಂದ ಹೊರಗೋಡತೊಡಗಿತು. ಏನು ಮಾಡಬೇಕೆಂಬ ಬಗ್ಗೆ ಸರಕಾರದೊಳಗೇ ತೀವ್ರ ಭಿನ್ನಾಭಿಪ್ರಾಯವಿತ್ತು. ಆ ವರ್ಷದ ಆಗಸ್ಟ್ ಕೊನೆಯಲ್ಲಿ ಗವರ್ನರ್ ಮತ್ತು ಉಪ ಗವರ್ನರ್ ಇಬ್ಬರೂ ರಾಜೀನಾಮೆ ನೀಡಿದರು. ಹಂಗಾಮಿ ಗವರ್ನರ್ ಆಗಿ ಹೊಣೆ ಹೊತ್ತವರು ಝೆಟಿ. ಸೆಪ್ಟೆಂಬರ್ 1ರಂದು ಬಂಡವಾಳ ನಿಯಂತ್ರಣ ಜಾರಿಗೆ ಬಂತು. ಮರುದಿನ ರಿಂಗಿಟ್‌ನ ಬೆಲೆಯನ್ನು ಡಾಲರಿಗೆ 3.80 ಎಂದು ನಿಗದಿಪಡಿಸಲಾಯಿತು. ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಅಂದಿನ ಸಲಹೆಗೆ ಇದು ತದ್ವಿರುದ್ಧವಾಗಿತ್ತು. ಮಲೇಷ್ಯಾ ಮುಳುಗಿತು ಎಂದು ಅನೇಕರು ಭವಿಷ್ಯ ನುಡಿದರು. ಆದರೆ ದೇಶ ಚೇತರಿಸಿಕೊಂಡಿತು. ಆ ದರ 2005ರ ಜುಲೈವರೆಗೂ ಮುಂದುವರಿಯಿತು.

ಈ ತೀರ್ಮಾನ ಝೆಟಿಯವರೊಬ್ಬರದ್ದಲ್ಲ. ರಾಜಕೀಯ ನಿರ್ಧಾರ ಪ್ರಧಾನಿ ಮಹಾತಿರ್ ಮುಹಮ್ಮದ್‌ರದ್ದು. ಆದರೆ ಅದನ್ನು ಜಾರಿಗೊಳಿಸುವ ಮತ್ತು ಜಗತ್ತಿಗೆ ವಿವರಿಸುವ ಹೊಣೆ ಬ್ಯಾಂಕಿನದಾಗಿತ್ತು. ಇಪ್ಪತ್ತು ವರ್ಷಗಳ ಹಿಂದೆ ಓರ್ವ ವಿದ್ಯಾರ್ಥಿನಿ ಬಂಡವಾಳದ ಹರಿವಿನ ಬಗ್ಗೆ ಬರೆದ ಪ್ರಬಂಧ ಎಲ್ಲಿ, ಒಂದು ದೇಶದ ನಾಣ್ಯವನ್ನು ಕಾಪಾಡುವ ಹೊಣೆ ಎಲ್ಲಿ? ಇವೆರಡರ ನಡುವೆ ಆಕೆಯನ್ನು ಓದಿಸಿದ ಮನೆಯಿದೆ, ಕಲಿಸಿದ ಗುರುಗಳಿದ್ದಾರೆ, ಮೆಟ್ಟಿಲೇರಲು ಬಿಟ್ಟ ಸಂಸ್ಥೆಯಿದೆ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಆ ಪ್ರಬಂಧ ಗ್ರಂಥಾಲಯದಲ್ಲಿ ಧೂಳು ತಿನ್ನುತ್ತಿತ್ತು.

ಅವರ ಅವಧಿಯಲ್ಲಿ ಇಸ್ಲಾಮಿಕ್ ಹಣಕಾಸು ವ್ಯವಸ್ಥೆಗೂ ಗಟ್ಟಿ ನೆಲೆ ದೊರೆಯಿತು. ಇಂಥ ಸಂಸ್ಥೆಗಳಿಗೆ ಮಾನದಂಡ ರೂಪಿಸುವ ಅಂತಾರಾಷ್ಟ್ರೀಯ ಮಂಡಳಿ 2002ರಲ್ಲಿ ಕೌಲಾಲಂಪುರದಲ್ಲಿ ಆರಂಭವಾಯಿತು. ತಜ್ಞರನ್ನು ತಯಾರಿಸಲೆಂದೇ 2005ರಲ್ಲಿ ಬ್ಯಾಂಕ್ ನೆಗಾರ ಒಂದು ಉನ್ನತ ಶಿಕ್ಷಣ ಸಂಸ್ಥೆಯನ್ನು ಕಟ್ಟಿತು. ಬ್ಯಾಂಕಿನ ಶರೀಅತ್ ಸಲಹಾ ಮಂಡಳಿಯಲ್ಲಿ ಎಂಗ್ಕು ರಾಬಿಯಾ ಅದವಿಯಾರಂಥ ವಿದ್ವಾಂಸೆಯೂ ಸದಸ್ಯೆಯಾಗಿದ್ದರು. ಇನ್ನೂ ಒಂದು ಸಂಗತಿ ಗಮನಾರ್ಹ. 1987ರಲ್ಲಿ ಬ್ಯಾಂಕ್ ಸೇರಿದ ನೂರ್ ಶಂಸಿಯಾ ಮುಹಮ್ಮದ್ ಯೂನುಸ್, ಝೆಟಿಯವರ ಅವಧಿಯಲ್ಲಿ ಉಪ ಗವರ್ನರ್ ಆದರು. 2018ರಿಂದ 2023ರ ವರೆಗೆ ಅವರೇ ಗವರ್ನರ್ ಆಗಿದ್ದರು. 2020ರಲ್ಲಿ ಕೊರೋನಾ ಬಂದಾಗ ಸಾಮಾನ್ಯ ಜನರ ಮತ್ತು ಸಣ್ಣ ಉದ್ಯಮಗಳ ಸಾಲದ ಕಂತುಗಳನ್ನು ಆರು ತಿಂಗಳು ಮುಂದೂಡಿದ್ದು ಅವರ ಕಾಲದ ಬ್ಯಾಂಕು. ಓರ್ವ ಮಹಿಳೆ ಮೇಲೇರಿದರೆ ಸುದ್ದಿಯಾಗುತ್ತದೆ. ಆಕೆಯ ಹಿಂದೆ ಇನ್ನೊಬ್ಬಳು ಏರಿದರೆ ಅದು ವ್ಯವಸ್ಥೆಯಾಗುತ್ತದೆ.

ಝೆಟಿಯವರನ್ನು ಪ್ರಶ್ನಾತೀತರೆಂದು ಬಿಂಬಿಸುವುದು ನಮ್ಮ ಉದ್ದೇಶವಲ್ಲ. ಮಲೇಷ್ಯಾವನ್ನು ತಲ್ಲಣಗೊಳಿಸಿದ 1ಎಂಡಿಬಿ ಹಗರಣದಲ್ಲಿ ಕೇಂದ್ರ ಬ್ಯಾಂಕು ಇನ್ನೂ ಬೇಗ ಎಚ್ಚೆತ್ತುಕೊಳ್ಳಬೇಕಿತ್ತು ಎಂಬ ಟೀಕೆ ಇದೆ. 2015ರಲ್ಲಿ ಬ್ಯಾಂಕು ಆ ಸಂಸ್ಥೆಗೆ ನೀಡಿದ್ದ ಅನುಮತಿಗಳನ್ನು ರದ್ದುಪಡಿಸಿ, 183 ಕೋಟಿ ಡಾಲರನ್ನು ದೇಶಕ್ಕೆ ಮರಳಿ ತರುವಂತೆ ಆದೇಶಿಸಿತು ಎಂಬುದೂ ನಿಜ. ಹಣದ ಹೊಣೆ ಹೊತ್ತವರು, ಹೆಣ್ಣಾಗಲಿ ಗಂಡಾಗಲಿ, ಪ್ರಶ್ನೆಗೆ ಉತ್ತರಿಸಲೇಬೇಕು. ಅದು ಅಮಾನತ್.

ಇನ್ನು ನಮ್ಮ ಕಡೆಗೆ ನೋಡೋಣ. ಸಾಚಾರ್ ಸಮಿತಿ 2006ರಲ್ಲಿ ಸಲ್ಲಿಸಿದ ವರದಿಯಂತೆ ಬ್ಯಾಂಕುಗಳು ಮತ್ತು ರಿಸರ್ವ್ ಬ್ಯಾಂಕಿನ ನೌಕರರಲ್ಲಿ ಮುಸ್ಲಿಮರ ಪಾಲು ಶೇ. 2.2. ಜನಸಂಖ್ಯೆಯಲ್ಲಿ ನಾವು ಆಗ ಶೇ. 13.4 ಇದ್ದೆವು. ಗಂಡಸರ ಸ್ಥಿತಿಯೇ ಹೀಗಿರುವಾಗ ಹೆಂಗಸರ ಬಗ್ಗೆ ಹೇಳುವುದೇನಿದೆ? ಇದರಲ್ಲಿ ವ್ಯವಸ್ಥೆಯ ತಾರತಮ್ಯದ ಪಾಲಿದೆ, ನಿಜ. ಅದರ ವಿರುದ್ಧ ಮಾತನಾಡಲೇಬೇಕು. ಆದರೆ ನಮ್ಮ ಪಾಲೂ ಇಲ್ಲವೇ?

“ಬ್ಯಾಂಕ್ ಅಂದರೆ ಬಡ್ಡಿ, ನಮ್ಮ ಹೆಣ್ಣುಮಕ್ಕಳಿಗೆ ಅದೇಕೆ?” ಎಂದು ಕೇಳುವವರಿದ್ದಾರೆ. ಬಡ್ಡಿಯನ್ನು ನಾವು ಸಮರ್ಥಿಸುತ್ತಿಲ್ಲ. ಆದರೆ ಹಣಕಾಸು ಕ್ಷೇತ್ರವೆಂದರೆ ಬಡ್ಡಿಯ ಲೆಕ್ಕ ಬರೆಯುವುದು ಮಾತ್ರವಲ್ಲ. ಲೆಕ್ಕ ಪರಿಶೋಧನೆಯಿದೆ, ತೆರಿಗೆಯಿದೆ, ಕಂಪೆನಿಗಳ ಬ್ಯಾಲೆನ್ಸ್ ಶೀಟ್ ಪರಿಶೀಲಿಸುವ ಕೆಲಸವಿದೆ, ವಂಚನೆಯನ್ನು ಪತ್ತೆ ಹಚ್ಚುವ ಕೆಲಸವಿದೆ. ಪವಿತ್ರ ಕುರ್‌ಆನಿನ ಅತಿ ದೀರ್ಘ ವಚನ ಯಾವ ವಿಷಯದ ಕುರಿತಾದದ್ದು? ಸಾಲದ ವ್ಯವಹಾರವನ್ನು ಬರೆದಿಡುವ ಕುರಿತು. ಪ್ರವಾದಿ(ಸ)ಯವರ ಪತ್ನಿ ಖದೀಜಾ(ರ) ವ್ಯಾಪಾರ ನಡೆಸಿದವರು. ಹಫ್ಸಾ(ರ)ರಿಗೆ ಬರೆಯಲು ಕಲಿಸಿದವರು ಶಿಫಾ ಬಿಂತ್ ಅಬ್ದುಲ್ಲಾ(ರ). ಅದೇ ಶಿಫಾರಿಗೆ ಖಲೀಫಾ ಉಮರ್(ರ)ರು ಮದೀನಾದ ಮಾರುಕಟ್ಟೆಯ ಉಸ್ತುವಾರಿಯ ಹೊಣೆ ವಹಿಸಿದ್ದರೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಓರ್ವ ಹೆಣ್ಣು ಇನ್ನೊಬ್ಬ ಹೆಣ್ಣಿಗೆ ಅಕ್ಷರ ಕಲಿಸುವುದು ನಮಗೆ ಹೊಸ ಸಂಗತಿಯೇ?

ಹಣದ ಬಗ್ಗೆ ಅರಿವಿಲ್ಲದಿರುವುದನ್ನೇ ನಾವು ತಖ್ವಾ ಎಂದು ಭಾವಿಸಿದ್ದರ ಬೆಲೆಯನ್ನು ತೆತ್ತಿದ್ದೇವೆ. ಬೆಂಗಳೂರಿನ ಐಎಂಎ 2019ರ ಜೂನ್‌ನಲ್ಲಿ ಬಾಗಿಲು ಮುಚ್ಚಿದಾಗ ಹತ್ತಾರು ಸಾವಿರ ಮಂದಿ ಬೀದಿಗೆ ಬಂದರು. ಹಲಾಲ್ ಲಾಭದ ಹೆಸರಿನಲ್ಲಿ ಅಲ್ಲಿ ಹಣ ಹೂಡಿದವರಲ್ಲಿ ಮಗಳ ಮದುವೆಗೆ ಕೂಡಿಟ್ಟ ತಾಯಂದಿರಿದ್ದರು, ವಿಧವೆಯರಿದ್ದರು, ನಿವೃತ್ತರಿದ್ದರು. ತಿಂಗಳು ತಿಂಗಳು ಇಷ್ಟೊಂದು ಲಾಭ ಎಲ್ಲಿಂದ ಬರುತ್ತಿದೆ, ಲೆಕ್ಕ ತೋರಿಸಿ ಎಂದು ಕೇಳುವ ಒಬ್ಬ ಮಗಳು ಪ್ರತಿ ಮನೆಯಲ್ಲೂ ಇದ್ದಿದ್ದರೆ? ಬಹುಶಃ ಇದ್ದಳು. ಬಿ.ಕಾಂ. ಓದಿದ್ದಳು. ಆದರೆ ಆಕೆಯ ಮಾತನ್ನು ಕೇಳುವವರಿರಲಿಲ್ಲ.

ಮಲೇಷ್ಯಾದ ಬಡವರೂ ಬಡ್ಡಿಗೆ ಹೆದರಿದವರೇ. ಅಲ್ಲಿ ಆ ಭಯವನ್ನು ಅರ್ಥ ಮಾಡಿಕೊಂಡ ಅರ್ಥಶಾಸ್ತ್ರಜ್ಞ ಕಾನೂನಿನ ಚೌಕಟ್ಟಿನೊಳಗೆ ಸಂಸ್ಥೆ ಕಟ್ಟಿಸಿದರು. ಇಲ್ಲಿ ಆ ಭಯವನ್ನು ಬಂಡವಾಳ ಮಾಡಿಕೊಂಡವರು ಬಂದರು. ನಮ್ಮ ದೇಶದಲ್ಲಿ ಬಡ್ಡಿರಹಿತ ಬ್ಯಾಂಕಿಂಗ್‌ಗೆ ಅವಕಾಶ ನೀಡಬೇಕೆಂದು ರಘುರಾಮ್ ರಾಜನ್ ನೇತೃತ್ವದ ಸಮಿತಿ 2008ರಲ್ಲಿ ಶಿಫಾರಸು ಮಾಡಿತ್ತು. 2017ರಲ್ಲಿ ರಿಸರ್ವ್ ಬ್ಯಾಂಕ್ ಆ ಪ್ರಸ್ತಾಪವನ್ನು ಕೈಬಿಟ್ಟಿತು. ಇಂಥ ವಿಷಯಗಳಲ್ಲಿ ಅಂಕಿ-ಅಂಶ ಸಮೇತ ವಾದ ಮಂಡಿಸಬಲ್ಲವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ?

ನಮ್ಮ ದೇಶದಲ್ಲೂ ಮಾದರಿಗಳಿಗೆ ಕೊರತೆಯಿಲ್ಲ. 2003ರಲ್ಲಿ ಕೆ.ಜೆ. ಉದೇಶಿ ರಿಸರ್ವ್ ಬ್ಯಾಂಕಿನ ಪ್ರಥಮ ಮಹಿಳಾ ಡೆಪ್ಯುಟಿ ಗವರ್ನರ್ ಆದರು. ಅವರ ಬಳಿಕ ಆ ಹುದ್ದೆಗೇರಿದ ಶ್ಯಾಮಲಾ ಗೋಪಿನಾಥ್ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ವಾಣಿಜ್ಯ ಓದಿದವರು. 1977ರಲ್ಲಿ ಪ್ರೊಬೇಷನರಿ ಅಧಿಕಾರಿಯಾಗಿ ಸ್ಟೇಟ್ ಬ್ಯಾಂಕ್ ಸೇರಿದ ಅರುಂಧತಿ ಭಟ್ಟಾಚಾರ್ಯ 2013ರಲ್ಲಿ ಅದರ ಪ್ರಥಮ ಮಹಿಳಾ ಅಧ್ಯಕ್ಷೆಯಾದರು. ಮಕ್ಕಳ ಅಥವಾ ವೃದ್ಧರ ಆರೈಕೆಗಾಗಿ ಮಹಿಳಾ ನೌಕರರು ಎರಡು ವರ್ಷಗಳವರೆಗೆ ರಜೆ ಪಡೆದು ಮರಳಿ ಬರುವ ಅವಕಾಶವನ್ನು ಅವರ ಅವಧಿಯಲ್ಲಿ ಬ್ಯಾಂಕು ಕಲ್ಪಿಸಿತು. ಮನೆಯ ಹೊಣೆಯ ಭಾರ ಅರಿತವರು ಮೇಲಿದ್ದಾಗ ಕೆಳಗಿದ್ದವರಿಗೆ ಬಾಗಿಲು ಹೇಗೆ ತೆರೆಯುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆ.

ನಾವು ಮದ್ರಸದಲ್ಲಿ ಕಿತಾಬ್ ಓದಿದವರು. ಉಸ್ತಾದರ ಮುಂದೆ ಕುಳಿತು ಕಲಿಯದ ವಿದ್ಯೆಗೆ ಅಲ್ಲಿ ಸನದ್ ಇಲ್ಲ. ಯಾರಿಂದ ಕಲಿತೆ, ಅವರು ಯಾರಿಂದ ಕಲಿತರು ಎಂಬ ಸರಪಳಿ ಬೇಕು. ಸಿ.ಎ. ಓದುವವರಿಗೂ ಇದೇ ನಿಯಮವಿದೆ. ಪುಸ್ತಕ ಓದಿ ಪರೀಕ್ಷೆ ಬರೆದರೆ ಸಾಲದು. ವೃತ್ತಿನಿರತ ಲೆಕ್ಕ ಪರಿಶೋಧಕರ ಬಳಿ ಆರ್ಟಿಕಲ್‌ಶಿಪ್ ಮಾಡಲೇಬೇಕು. ಮೊದಲು ಮೂರು ವರ್ಷವಿದ್ದ ಈ ಅವಧಿ 2023ರಿಂದ ಎರಡು ವರ್ಷವಾಗಿದೆ. ನಮ್ಮ ಅನೇಕ ಹುಡುಗಿಯರು ಎಡವುವುದು ಇಲ್ಲೇ. ಯಾವ ಕಚೇರಿಗೆ ಹೋಗಬೇಕು, ಅಲ್ಲಿ ಸುರಕ್ಷಿತ ವಾತಾವರಣವಿದೆಯೇ, ಸ್ಕಾರ್ಫ್‌ಗೆ ಆಕ್ಷೇಪವಿದೆಯೇ, ಸಂಜೆ ಮರಳುವುದು ಹೇಗೆ? ಹೆತ್ತವರ ಈ ಪ್ರಶ್ನೆಗಳು ಸಹಜವಾದವು. ಉತ್ತರಿಸಬಲ್ಲ ಒಬ್ಬ ಹಿರಿಯಕ್ಕ ಇದ್ದಿದ್ದರೆ ಅವು ಅಡ್ಡಿಯಾಗುತ್ತಿರಲಿಲ್ಲ.

ಆದ್ದರಿಂದ ನಮ್ಮ ಜಮಾಅತುಗಳೊಂದಿಗೆ ನಮ್ಮದೊಂದು ವಿನಂತಿ. ಈ ವರ್ಷ ಒಂದು ಸ್ಮರಣಿಕೆ ಕಡಿಮೆ ಮಾಡಿ. ಅದರ ಬದಲು ನಿಮ್ಮ ಊರಿನಲ್ಲಿ ಬ್ಯಾಂಕು, ತೆರಿಗೆ, ಲೆಕ್ಕ ಪರಿಶೋಧನೆಯ ಕ್ಷೇತ್ರಗಳಲ್ಲಿ ದುಡಿಯುವ ಮಹಿಳೆಯರ ಒಂದು ಪಟ್ಟಿ ಮಾಡಿ. ಅವರು ಯಾವ ಧರ್ಮದವರಾದರೂ ಸರಿಯೇ. ಜ್ಞಾನಕ್ಕೆ ಆ ಭೇದವಿಲ್ಲ. ತಿಂಗಳಿಗೊಮ್ಮೆ ಅವರನ್ನು ಹುಡುಗಿಯರೊಂದಿಗೂ ಹೆತ್ತವರೊಂದಿಗೂ ಕೂರಿಸಿ. ಮಸೀದಿಯ, ಮದ್ರಸದ ವಾರ್ಷಿಕ ಲೆಕ್ಕ ಬರೆಯುವ ಕೆಲಸವನ್ನು ಓರ್ವ ಅನುಭವಿ ಲೆಕ್ಕ ಪರಿಶೋಧಕರ ಮಾರ್ಗದರ್ಶನದಲ್ಲಿ ಬಿ.ಕಾಂ. ಓದಿದ ಹುಡುಗಿಯರಿಗೆ ಒಪ್ಪಿಸಿ. ಅವರು ಕೆಲಸ ಕಲಿಯುತ್ತಾರೆ. ಜಮಾಅತಿನ ಲೆಕ್ಕವೂ ಸ್ವಚ್ಛವಾಗುತ್ತದೆ.

ತಂದೆಯಂದಿರಿಗೂ ಒಂದು ಮಾತು. ಎಲ್ಲರೂ ಉಂಗ್ಕು ಅಝೀಝ್ ಆಗಲಾರರು. ಆದರೆ ತಿಂಗಳ ಕೊನೆಯಲ್ಲಿ ಮನೆಯ ಆದಾಯ-ಖರ್ಚಿನ ಪುಸ್ತಕವನ್ನು ಮಗಳ ಮುಂದಿಟ್ಟು, “ಇದನ್ನು ನೋಡಮ್ಮಾ, ಎಲ್ಲಿ ತಪ್ಪಿದ್ದೇನೆ ಹೇಳು” ಎಂದು ಕೇಳಲು ಯಾವ ಪದವಿಯೂ ಬೇಕಿಲ್ಲ. ಆಕೆಯ ಮೊದಲ ಮಾರ್ಗದರ್ಶಕರು ನೀವೇ.