ಗುಟ್ಟೂ ಮರೆಯೂ

ಧಾರಾವಾಹಿಯ ನಾಯಕಿ ಈ ವಾರ ಏನಾದಳೆಂಬುದನ್ನು ಓದಿ ಮುಗಿಸಿ, ನಿಟ್ಟುಸಿರು ಬಿಟ್ಟು ಈ ಪುಟಕ್ಕೆ ಬಂದಿರುವ ಓದುಗ ಮಹಾಶಯರಲ್ಲಿ ನನ್ನದೊಂದು ತಪ್ಪೊಪ್ಪಿಗೆ ಉಂಟು. ಇದುವರೆಗೆ ಈ ಅಂಕಣದಲ್ಲಿ ಪರರ ತಪ್ಪುಗಳನ್ನು ಕುರಿತು ಸಾಕಷ್ಟು ಉತ್ಸಾಹದಿಂದ ಬರೆದಿದ್ದೇನೆ. ಈ ಸಲ ಸರದಿ ನನ್ನದು.

ನಮ್ಮ ಕಾಲೇಜಿನಲ್ಲಿ ಕನ್ನಡದ ಅಧ್ಯಾಪಕನೆಂದರೆ ಪಾಠ ಹೇಳುವವನು ಮಾತ್ರವಲ್ಲ. ರಾಜ್ಯೋತ್ಸವದ ಭಾಷಣ, ಆಹ್ವಾನ ಪತ್ರಿಕೆಯ ಕರಡು, ಸ್ವಾಗತಗೀತೆಗೆ ಹುಡುಗಿಯರನ್ನು ಹೊಂದಿಸುವ ಕೆಲಸ, ಎಲ್ಲವೂ ಅವನ ಪಾಲಿನದೇ. ಕಳೆದ ವರ್ಷ ಇವುಗಳ ಜೊತೆಗೆ ವಿದ್ಯಾರ್ಥಿವೇತನದ ಉಸ್ತುವಾರಿಯೂ ನನ್ನ ಹೆಗಲೇರಿತು. ಒಂದು ಮಧ್ಯಾಹ್ನ ಗುಮಾಸ್ತರು ಪಟ್ಟಿಯೊಂದನ್ನು ನನ್ನ ಮೊಬೈಲಿಗೆ ಕಳುಹಿಸಿ, "ಹೆಸರು ಸರಿಯಾಗಿದೆಯೇ ಅಂತ ಹುಡುಗರಿಂದ ನೋಡಿಸಿಬಿಡಿ ಸಾರ್, ನಾಳೆ ಸಂಜೆಯೇ ಕೊನೆ" ಎಂದರು. ನಾನು ಆ ಪಟ್ಟಿಯನ್ನು 142 ಮಂದಿ ವಿದ್ಯಾರ್ಥಿಗಳಿರುವ ವಾಟ್ಸಾಪ್ ಗುಂಪಿಗೆ ಹಾಕಿ, ಕರ್ತವ್ಯ ಮುಗಿಸಿದ ಸಮಾಧಾನದಿಂದ ಬುತ್ತಿ ಬಿಚ್ಚಿದೆನು.

ಪಟ್ಟಿಯಲ್ಲಿ ಇದ್ದದ್ದು ಹೆಸರು ಮಾತ್ರವಲ್ಲ. ತಂದೆಯ ಹೆಸರು, ಜಾತಿ, ಮನೆಯ ವಾರ್ಷಿಕ ಆದಾಯ, ತಂದೆಯ ಮೊಬೈಲ್ ಸಂಖ್ಯೆ, ಬ್ಯಾಂಕಿನ ಹೆಸರು, ಖಾತೆಯ ಸಂಖ್ಯೆ, ಎಲ್ಲವೂ ಸಾಲು ಸಾಲಾಗಿ ಅಚ್ಚುಕಟ್ಟಾಗಿ ಇದ್ದವು. ನಾನು ಅದನ್ನು ನೋಡಲಿಲ್ಲವೆಂದರೆ ಸುಳ್ಳಾದೀತು. ನೋಡಿದೆ, ನನಗೆ ಏನೂ ಅನ್ನಿಸಲಿಲ್ಲ.

ಒಂಬತ್ತು ದಿನಗಳ ಮೇಲೆ ಎರಡನೆಯ ವರ್ಷದ ಬಿ.ಎ. ಓದುತ್ತಿದ್ದ ಹುಡುಗಿಯೊಬ್ಬಳು ತನ್ನ ತಂದೆಯೊಡನೆ ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಂತಿದ್ದಳು. ಆ ರೈತರು ಟವೆಲನ್ನು ಹೆಗಲಿನಿಂದ ಇಳಿಸಿ ಕೈಯಲ್ಲಿ ಹಿಡಿದುಕೊಂಡು ಹೇಳಿದರು: "ಸ್ವಾಮಿ, ಸ್ಕಾಲರ್‌ಶಿಪ್ ಆಫೀಸಿಂದ ಅಂತ ಫೋನ್ ಬಂತು. ಮಗಳ ಹೆಸರು ಹೇಳಿದರು, ನನ್ನ ಹೆಸರು ಹೇಳಿದರು, ಯಾವ ಬ್ಯಾಂಕು ಅಂತಾನೂ ಅವರೇ ಹೇಳಿದರು. ಇಷ್ಟೆಲ್ಲ ಗೊತ್ತಿರೋರು ಆಫೀಸಿನೋರೇ ಇರಬೇಕು ಅಂದುಕೊಂಡೆ." ಕಾರ್ಡಿನ ಮೇಲಿನ ಅಂಕಿಗಳನ್ನೂ, ಅನಂತರ ಮೊಬೈಲಿಗೆ ಬಂದ ಆರು ಅಂಕಿಗಳನ್ನೂ ಅವರು ಓದಿ ಹೇಳಿದ್ದರು. ಹುಣಸೆಹಣ್ಣು ಮಾರಿ ಖಾತೆಗೆ ಕಟ್ಟಿದ್ದ 23,400 ರೂಪಾಯಿಗಳು ಹೋಗಿದ್ದವು. ಇದು ನಡೆದು ಮೂರು ದಿನಗಳಾಗಿದ್ದವು. ಇಂಥ ಮೋಸ ನಡೆದ ಕ್ಷಣವೇ 1930 ಎಂಬ ಸಂಖ್ಯೆಗೆ ಫೋನು ಮಾಡಿ ದೂರು ಕೊಟ್ಟರೆ, ಹಣ ಕೈಯಿಂದ ಕೈಗೆ ದಾಟುವ ಮೊದಲೇ ಬ್ಯಾಂಕುಗಳು ಅದನ್ನು ತಡೆಹಿಡಿಯುವ ಸಾಧ್ಯತೆಯುಂಟು. ಅವರಿಗೆ ಆ ಸಂಖ್ಯೆ ತಿಳಿದಿರಲಿಲ್ಲ. ನಿಜ ಹೇಳುವುದಾದರೆ ನನಗೂ ಅಂದೇ ತಿಳಿದದ್ದು.

ನನ್ನ ಪಟ್ಟಿಯಿಂದಲೇ ಆ ವಂಚಕನಿಗೆ ಮಾಹಿತಿ ಸಿಕ್ಕಿತೆಂದು ನಾನು ಸಾಧಿಸಲಾರೆನು. ಇಲ್ಲವೆಂದು ಸಾಧಿಸುವುದು ಅದಕ್ಕಿಂತಲೂ ಕಷ್ಟ. ಪೊಲೀಸರಿಗೆ ದೂರು ಬರೆದುಕೊಟ್ಟೆವು. ಆ ರೈತರು ನನ್ನ ಮೇಲೆ ಒಂದು ಕಟುನುಡಿಯನ್ನೂ ಆಡದೆ ಹೊರಗೆ ಹೋದರು. ಮಗಳು ಹಿಂದೆ ಉಳಿದಳು.

"ದುಡ್ಡಿನ ವಿಷಯ ಬಿಡಿ ಸರ್. ಅದು ನಮ್ಮಪ್ಪನ ತಪ್ಪೂ ಇದೆ. ಆದರೆ ಆದಾಯದ ಕಾಲಮ್ ಯಾಕೆ ಹಾಕಿದಿರಿ? ಈಗ ಕ್ಲಾಸಲ್ಲಿ ನನ್ನನ್ನ ನಲವತ್ತು ಸಾವಿರ ಅಂತ ಕರೀತಾರೆ."

ಹತ್ತು ವರ್ಷಗಳಿಂದ ಪಾಠ ಹೇಳುತ್ತಿರುವ ಬಾಯಿಗೆ ಆಗ ಉತ್ತರ ಹೊಳೆಯಲಿಲ್ಲ.

ಅಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಗಮನಿಸಿ: ತಂದೆ ಕಳೆದುಕೊಂಡದ್ದು ಒಂದು, ಮಗಳು ಕಳೆದುಕೊಂಡದ್ದು ಇನ್ನೊಂದು. ತಂದೆಯದು ಭದ್ರತೆಯ ಪ್ರಶ್ನೆ. ಬೀಗ, ಕೀಲಿ, ಕಳ್ಳ ಇವುಗಳ ಲೋಕಕ್ಕೆ ಸೇರಿದ್ದು. ಮಗಳ ವಿಷಯದಲ್ಲಿ ಕಳ್ಳನೇ ಇಲ್ಲ. ಪಟ್ಟಿಯಲ್ಲಿದ್ದ ಅಂಕಿ ಸತ್ಯವಾದದ್ದೇ. ಅದನ್ನು ಓದಿದವರು ಅವಳ ಸಹಪಾಠಿಗಳೇ. ಆದರೂ ಅವಳದಾದ ಏನೋ ಒಂದು ಹೋಯಿತು. ಅದಕ್ಕೆ ನಮ್ಮ ಪತ್ರಿಕೆಗಳು 'ಖಾಸಗಿತನ' ಎಂದೂ 'ಗೋಪ್ಯತೆ' ಎಂದೂ ಬರೆಯುತ್ತವೆ. 'ಖಾಸಗಿ' ನಮಗೆ ದರ್ಬಾರಿನ ಕಡೆಯಿಂದ ಬಂದ ಶಬ್ದ. 'ಗೋಪ್ಯ' ಸಂಸ್ಕೃತದಿಂದ ಬಂದದ್ದು, ಅದರಲ್ಲಿ ಬಚ್ಚಿಡುವ ವಾಸನೆ ಇದೆ. ನಮ್ಮದೇ ಮಾತಾದ 'ಗುಟ್ಟು' ಎಂಬುದರಲ್ಲಿಯೂ ಅದೇ ವಾಸನೆ. ಆದರೆ ಹಳ್ಳಿಯ ಹೆಂಗಸರು ಬಳಸುವ ಇನ್ನೊಂದು ಮಾತುಂಟು: 'ಮರೆ'. ಸ್ನಾನಕ್ಕೆ ಮರೆ, ಬಾಣಂತಿಗೆ ಮರೆ, ಮಗುವಿಗೆ ಹಾಲೂಡಿಸಲು ಸೆರಗಿನ ಮರೆ. ಮರೆಯ ಹಿಂದೆ ಏನಿದೆಯೆಂಬುದು ಲೋಕಕ್ಕೆಲ್ಲ ಗೊತ್ತು; ಅಲ್ಲಿ ಗುಟ್ಟೇನೂ ಇಲ್ಲ. ಆದರೂ ಮರೆ ಬೇಕು. ಎಲ್ಲರ ಮನೆಯ ದೋಸೆಯೂ ತೂತೇ ಎಂದು ಗಾದೆ ಹೇಳುತ್ತದೆ. ಹಾಗೆಂದು ನಮ್ಮ ಮನೆಯ ಕಾವಲಿಯನ್ನು ಯಾರೂ ಬೀದಿಯಲ್ಲಿ ತಂದಿಡುವುದಿಲ್ಲ.

ಇದನ್ನೇ ನಮ್ಮ ಕೊಠಡಿಯಲ್ಲಿ ಹೇಳಿದಾಗ ಹಿರಿಯ ಸಹೋದ್ಯೋಗಿಯೊಬ್ಬರು, "ಮುಚ್ಚಿಡುವಂಥದ್ದು ಏನಾದರೂ ಇದ್ದರಲ್ಲವೆ ಭಯ?" ಎಂದು ನಕ್ಕರು. ಅವರ ಕೈಯಲ್ಲಿ ಆಗ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಇತ್ತು. ಅದರ ಮೇಲೆ ಯಾವ ವಿದ್ಯಾರ್ಥಿಯ ಹೆಸರೂ ಇರಲಿಲ್ಲ. ಸಂಕೇತ ಸಂಖ್ಯೆ ಮಾತ್ರ ಇತ್ತು. ಬರೆದವನು ಅಪರಾಧಿಯೆಂದು ಹೆಸರನ್ನು ಮರೆಮಾಡಿದ್ದಾರೆಯೇ? ನ್ಯಾಯ ದೊರೆಯಲಿ ಎಂದಲ್ಲವೆ? ಅವರು ಆ ಕಟ್ಟನ್ನೊಮ್ಮೆ ನೋಡಿ ಚಹಾ ತರಿಸಿದರು. ಚರ್ಚೆಯಲ್ಲಿ ನಾನು ಗೆದ್ದದ್ದು ಅಪರೂಪವಾದ್ದರಿಂದ ಇಲ್ಲಿ ದಾಖಲಿಸಿದ್ದೇನೆ.

ಇದೇ ಪ್ರಶ್ನೆ ದೇಶದ ದೊಡ್ಡ ನ್ಯಾಯಾಲಯದ ಮುಂದೆಯೂ ಬಂದಿತ್ತು. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬಾತನನ್ನು ದರೋಡೆಯ ಮೊಕದ್ದಮೆಯೊಂದರಲ್ಲಿ ಹಿಡಿದು, ಸಾಕ್ಷ್ಯವಿಲ್ಲವೆಂದು ಬಿಟ್ಟರು. ಬಿಟ್ಟರೂ ಪೊಲೀಸರು ರಾತ್ರಿಹೊತ್ತು ಅವನ ಮನೆಯ ಬಾಗಿಲು ತಟ್ಟಿ, ಇದ್ದಾನೆಯೇ ಎಂದು ನೋಡುವುದನ್ನು ಬಿಡಲಿಲ್ಲ. 1962ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ರಾತ್ರಿಯ ಭೇಟಿಯನ್ನು ರದ್ದುಮಾಡಿತು. ಆದರೆ ಮರೆಯ ಹಕ್ಕು ಸಂವಿಧಾನದಲ್ಲಿ ಹೇಳಿದ ಮೂಲಭೂತ ಹಕ್ಕಲ್ಲವೆಂದು ಬಹುಮತದ ನ್ಯಾಯಮೂರ್ತಿಗಳು ಬರೆದರು. ನ್ಯಾಯಮೂರ್ತಿ ಸುಬ್ಬರಾವ್ ಅವರು ಮಾತ್ರ, ಇನ್ನೊಬ್ಬ ನ್ಯಾಯಮೂರ್ತಿಗಳೊಡನೆ, ಅದಕ್ಕೆ ಒಪ್ಪಲಿಲ್ಲ. ಆ ಭಿನ್ನಮತ ಅರ್ಧ ಶತಮಾನಕ್ಕಿಂತಲೂ ಹೆಚ್ಚು ಕಾಲ ಗ್ರಂಥಾಲಯದ ಕಪಾಟಿನಲ್ಲಿ ಕುಳಿತು ಕಾಯಿತು.

ಅದನ್ನು ಎಬ್ಬಿಸಿದವರು ನಮ್ಮವರೇ. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅರ್ಜಿ ಹಾಕಿದಾಗ ಅವರ ವಯಸ್ಸು 86. ಆ ವಯಸ್ಸಿನಲ್ಲಿ ಬಹುಮಂದಿ ಹಿರಿಯರು ಬೆಳಗಿನ ವಾಕಿಂಗು ಮತ್ತು ಮೊಮ್ಮಕ್ಕಳಲ್ಲಿ ತೃಪ್ತರಾಗುತ್ತಾರೆ. ಮರೆ ಎಂಬುದು ಮೂಲಭೂತ ಹಕ್ಕೇ ಅಲ್ಲವೆಂದು ಸರ್ಕಾರ ವಾದಿಸಿತು. 1954ರ ಮತ್ತು 1962ರ ತೀರ್ಪುಗಳನ್ನು ಮುಂದಿಟ್ಟಿತು. ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠ ಕೂಡಬೇಕಾಯಿತು. 2017ರ ಆಗಸ್ಟ್ 24ರಂದು ಒಂಬತ್ತೂ ಮಂದಿ ಒಂದೇ ಮಾತಿನಲ್ಲಿ, ಹೌದು, ಇದು ಮೂಲಭೂತ ಹಕ್ಕು ಎಂದರು. 547 ಪುಟಗಳ ತೀರ್ಪು ಅದು. ಮರುವರ್ಷ ಸೆಪ್ಟೆಂಬರಿನಲ್ಲಿ ಐವರ ಪೀಠ ಬಹುಮತದಿಂದ ಆಧಾರ್ ಕಾಯಿದೆಯನ್ನು ಎತ್ತಿಹಿಡಿಯಿತಾದರೂ, ಬ್ಯಾಂಕಿನ ಖಾತೆಗೂ ಮೊಬೈಲಿನ ಸಿಮ್ಮಿಗೂ ಆಧಾರ್ ಜೋಡಣೆಯನ್ನು ಕಡ್ಡಾಯ ಮಾಡಬಾರದೆಂದಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಹೆಸರು ಮುಂದೆಯೂ ಕಾನೂನಿನ ತರಗತಿಗಳಲ್ಲಿ ಕೇಳಿಬರುವುದರಲ್ಲಿ ಸಂಶಯವಿಲ್ಲ. ನಮ್ಮ ಕಾಲೇಜಿನ ವಾಟ್ಸಾಪ್ ಗುಂಪಿಗೆ ಮಾತ್ರ ಅದು ಇನ್ನೂ ತಲುಪಿರಲಿಲ್ಲ.

ಯಂತ್ರವನ್ನು ಬೈಯುವುದು ಸುಲಭ. ನಾನೂ ಮೊದಲು ಅದನ್ನೇ ಮಾಡಿದೆನು. ಆದರೆ ವಿಚಾರಿಸಿ ನೋಡಿದರೆ ಯಂತ್ರದ ಕಡೆ ತಪ್ಪು ಕಡಮೆ. ವಾಟ್ಸಾಪಿನಲ್ಲಿ ಹೋಗುವ ಸಂದೇಶ 2016ರಿಂದ ಕಳುಹಿಸುವವನ ಮೊಬೈಲಿನಲ್ಲಿಯೇ ಸಂಕೇತಲಿಪಿಯಾಗಿ, ಪಡೆಯುವವನ ಮೊಬೈಲಿನಲ್ಲಿ ಮಾತ್ರ ಬಿಡಿಸಿಕೊಳ್ಳುತ್ತದೆ. ನಡುದಾರಿಯಲ್ಲಿ ಕದ್ದು ನೋಡಿದವನಿಗೆ ಕಾಣುವುದು ಅರ್ಥವಿಲ್ಲದ ಅಕ್ಷರರಾಶಿ. ಸಂಕೇತಲಿಪಿ ನಮಗೇನೂ ಹೊಸದಲ್ಲ. ಕಾಮಸೂತ್ರ ಹೇಳುವ 64 ಕಲೆಗಳಲ್ಲಿ ಅದೂ ಒಂದು. ಕುಮುದೇಂದುವಿನದೆಂದು ಹೇಳುವ, ಕಾಲದ ವಿಷಯದಲ್ಲಿ ವಿದ್ವಾಂಸರು ಇನ್ನೂ ಜಗಳವಾಡುವ 'ಸಿರಿಭೂವಲಯ'ದಲ್ಲಿ ಅಕ್ಷರಗಳೇ ಇಲ್ಲ. ಉದ್ದಕ್ಕೆ 27, ಅಡ್ಡಕ್ಕೆ 27 ಮನೆಗಳ ಚೌಕಗಳಲ್ಲಿ 1ರಿಂದ 64ರವರೆಗಿನ ಅಂಕಗಳು ಮಾತ್ರ ಇವೆ. ಯಾವ ಮನೆಯಿಂದ ಯಾವ ಮನೆಗೆ ನಡೆಯಬೇಕೆಂದು ಬಲ್ಲವನಿಗೆ ಪದ್ಯ, ಉಳಿದವರಿಗೆ ಮಗ್ಗಿಯ ಪುಸ್ತಕ. ನನ್ನ ಪಟ್ಟಿಯೂ ಅಷ್ಟೇ ಬಿಗಿಯಾದ ಬೀಗದೊಳಗೆ ಪ್ರಯಾಣ ಮಾಡಿತು. 142 ಮಂದಿಗೆ ಒಂದೊಂದು ಕೀಲಿ ಕೊಟ್ಟವನು ನಾನು.

ಗುಪ್ತಪದದ ಕಥೆಯೂ ಇದನ್ನೇ ಹೇಳುತ್ತದೆ. 1961ರ ಸುಮಾರಿಗೆ ಅಮೆರಿಕದ ಎಂ.ಐ.ಟಿ.ಯಲ್ಲಿ, ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಳ್ಳುವಾಗ ಒಬ್ಬನ ಕಡತವನ್ನು ಇನ್ನೊಬ್ಬ ನೋಡಬಾರದೆಂದು ಫರ್ನಾಂಡೊ ಕೊರ್ಬಾಟೊ ಎಂಬ ವಿಜ್ಞಾನಿಯ ತಂಡ ಪಾಸ್‌ವರ್ಡನ್ನು ಬಳಕೆಗೆ ತಂದಿತು. ಮರುವರ್ಷವೇ ಅಲನ್ ಶೆರ್ ಎಂಬ ಸಂಶೋಧನ ವಿದ್ಯಾರ್ಥಿ, ತನಗೆ ದೊರೆಯುತ್ತಿದ್ದ ಯಂತ್ರದ ಸಮಯ ಸಾಲದೆಂದು, ಎಲ್ಲರ ಪಾಸ್‌ವರ್ಡುಗಳಿದ್ದ ಕಡತವನ್ನೇ ಮುದ್ರಿಸಿಕೊಂಡನು. ಬೀಗ ಒಡೆಯಬೇಕಾಗಿಯೇ ಬರಲಿಲ್ಲ. ಮುದ್ರಿಸಿಕೊಡೆಂದು ಯಂತ್ರಕ್ಕೆ ಹೇಳಿದನು, ಅದು ವಿನಯದಿಂದ ಕೊಟ್ಟಿತು. ಮುಂದೆ ಬುದ್ಧಿವಂತರು ಗುಪ್ತಪದವನ್ನು ಇದ್ದಂತೆ ಇಡುವುದನ್ನು ಬಿಟ್ಟು, ಬೀಸಿ ಹಿಟ್ಟು ಮಾಡಿ ಇಡತೊಡಗಿದರು. ನೀವು ಪ್ರತಿ ಸಲ ಪದ ಹೇಳಿದಾಗಲೂ ಅದನ್ನು ಮತ್ತೆ ಬೀಸಿ, ಹಿಟ್ಟಿಗೆ ಹಿಟ್ಟನ್ನು ಹೋಲಿಸಿ ನೋಡುತ್ತಾರೆ. ಹಿಟ್ಟನ್ನು ಕದ್ದವನು ಅದನ್ನು ಮತ್ತೆ ರಾಗಿಯ ಕಾಳು ಮಾಡಲಾರನು. ಆದರೆ ಕಾಳು ಯಾವುದೆಂದು ಊಹಿಸಬಲ್ಲನು: ಹುಟ್ಟಿದ ದಿನ, ಮಗಳ ಹೆಸರು, 123456.

ಪದವನ್ನು ಬದಲಾಯಿಸಬಹುದು. ಬೆರಳನ್ನು? 2023ರಲ್ಲಿ ನಮ್ಮ ರಾಜ್ಯದಲ್ಲಿಯೇ, ನೋಂದಾಯಿತ ಕ್ರಯಪತ್ರಗಳ ಮೇಲಿನ ಹೆಬ್ಬೆಟ್ಟಿನ ಗುರುತುಗಳಿಂದ ಅಚ್ಚು ತೆಗೆದು, ಆಧಾರ್ ಮೂಲಕ ಹಣ ಪಡೆಯುವ ವ್ಯವಸ್ಥೆಯಲ್ಲಿ ಜನರ ಖಾತೆಗಳನ್ನು ಬರಿದುಮಾಡಿದರೆಂಬ ದೂರುಗಳು ಪೊಲೀಸರಲ್ಲಿ ದಾಖಲಾದವು. ಆ ಖಾತೆದಾರರು ಯಾವ ಆರು ಅಂಕಿಗಳನ್ನೂ ಯಾರಿಗೂ ಹೇಳಿರಲಿಲ್ಲ. ನಿವೇಶನ ಕೊಳ್ಳುವಾಗ ನಿಯಮದಂತೆ ಹೆಬ್ಬೆಟ್ಟು ಒತ್ತಿದ್ದರು, ಅಷ್ಟೆ. ಇತ್ತ ಗಾರೆ ಕೆಲಸದವರ ಸವೆದ ಬೆರಳನ್ನು ನ್ಯಾಯಬೆಲೆ ಅಂಗಡಿಯ ಯಂತ್ರ ಗುರುತಿಸದೆ ಸತಾಯಿಸುವುದೂ ಉಂಟು. ಕಳ್ಳನ ನಕಲಿ ಬೆರಳಿಗೆ ತೆರೆದ ಬಾಗಿಲು ದುಡಿದವನ ಅಸಲು ಬೆರಳಿಗೆ ತೆರೆಯದಿದ್ದರೆ ಅದನ್ನು ಏನೆನ್ನಬೇಕೋ ತಿಳಿಯದು.

ಇನ್ನು ನಮ್ಮ ಜೆರಾಕ್ಸ್ ಸಂಸ್ಕೃತಿಯ ಮಾತು. ಕಡಲೆಕಾಯಿಯ ಪೊಟ್ಟಣವನ್ನು ಬಿಡಿಸಿದಾಗ ಅಪರಿಚಿತ ಹುಡುಗನೊಬ್ಬನ ಅಂಕಪಟ್ಟಿಯ ಪ್ರತಿ ಕಣ್ಣಿಗೆ ಬಿದ್ದ ಅನುಭವ ನನಗಿದೆ. ಗಣಿತದಲ್ಲಿ 38, ಪಾಪ. ವಸತಿಗೃಹ, ಸಿಮ್ಮಿನ ಅಂಗಡಿ, ಬಾಡಿಗೆ ಮನೆಯ ಮಾಲಿಕ, ಎಲ್ಲರಿಗೂ ಆಧಾರಿನ ಪ್ರತಿ ಬೇಕು. ಅದು ಅನಂತರ ಎಲ್ಲಿ ಹೋಯಿತೆಂದು ಕೇಳಿದರೆ ಮುಖ ಮುಖ ನೋಡುತ್ತಾರೆ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ, ಹೀಗೆ ಪ್ರತಿ ಹಂಚಬೇಡಿ, ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಮರೆಮಾಡಿದ ಪ್ರತಿಯನ್ನು ಕೊಡಿ ಎಂದು ಪ್ರಕಟಿಸಿತು. ಬಹಳ ಒಳ್ಳೆಯ ಸಲಹೆ. ಎರಡೇ ದಿನದಲ್ಲಿ, ಜನ ಅಪಾರ್ಥ ಮಾಡಿಕೊಂಡಾರೆಂದು ದಿಲ್ಲಿ ಅದನ್ನು ಹಿಂತೆಗೆದುಕೊಂಡಿತು. ಮರೆಮಾಡಿದ ಪ್ರತಿಯಂತೂ ರದ್ದಾಗಲಿಲ್ಲ; ಪ್ರಾಧಿಕಾರದ ಜಾಲತಾಣದಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಾನು ಈಗ ಅದನ್ನೇ ಕೊಡುತ್ತೇನೆ. ಅರ್ಧ ಕಡೆ ಒಪ್ಪುತ್ತಾರೆ, ಅರ್ಧ ಕಡೆ "ಪೂರ್ತಿ ಇರೋದು ತನ್ನಿ" ಎನ್ನುತ್ತಾರೆ.

2023ರ ಆಗಸ್ಟಿನಲ್ಲಿ ಸಂಸತ್ತು ವೈಯಕ್ತಿಕ ದತ್ತಾಂಶದ ರಕ್ಷಣೆಗೆಂದು ಕಾಯಿದೆಯೊಂದನ್ನು ಅಂಗೀಕರಿಸಿತು. ಸಮ್ಮತಿ ಕೊಟ್ಟವನಿಂದ ಯಾವ ಕೆಲಸಕ್ಕೆಂದು ಮಾಹಿತಿ ಪಡೆದೆವೋ ಆ ಕೆಲಸಕ್ಕೆ ಅವಶ್ಯವಾದಷ್ಟನ್ನೇ ಬಳಸಬೇಕೆಂಬುದು ಅದರ ಒಂದು ತಿರುಳು. ಸರ್ಕಾರ ತನಗೆ ತಾನೇ ಅಗಲವಾದ ವಿನಾಯಿತಿಗಳನ್ನು ಕೊಟ್ಟುಕೊಂಡಿದೆಯೆಂದು ಬಲ್ಲವರು ಆಕ್ಷೇಪಿಸುತ್ತಾರೆ. ನನಗೂ ಆ ಆಕ್ಷೇಪ ಸರಿಯೆಂದೇ ತೋರುತ್ತದೆ. ಆದರೆ ನನ್ನ ಪಟ್ಟಿಯ ವಿಷಯಕ್ಕೆ ಕಾಯಿದೆಯೇ ಬೇಕಾಗಿರಲಿಲ್ಲ. ಹೆಸರಿನ ಕಾಗುಣಿತ ಸರಿನೋಡಲು ಆದಾಯವೂ ಜಾತಿಯೂ ಏತಕ್ಕೆ ಎಂದು ಒಂದು ಗಳಿಗೆ ಯೋಚಿಸಿದ್ದರೆ ಸಾಕಾಗಿತ್ತು.

ಅಂದೇ ಗುಂಪಿನಿಂದ ಪಟ್ಟಿಯನ್ನು ಅಳಿಸಲು ಹೋದೆನು. ಅವಧಿ ಮೀರಿತ್ತು, ನನ್ನ ಮೊಬೈಲಿನಲ್ಲಿ ಅಳಿಯಿತು, ಉಳಿದವರಲ್ಲಿ ಹಾಗೆಯೇ ಉಳಿಯಿತು. ದಯವಿಟ್ಟು ಅಳಿಸಿರೆಂದು ಬರೆದೆನು. ಅದುವರೆಗೆ ಪಟ್ಟಿಯನ್ನು ತೆರೆಯದಿದ್ದವರೂ ಆಗ ತೆರೆದು ನೋಡಿದರೆಂದು ಆಮೇಲೆ ತಿಳಿಯಿತು.

ಈ ವರ್ಷದ ಪಟ್ಟಿ ಹೋದ ತಿಂಗಳು ಬಂದಿತು. ಅದನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಎರಡು ರಟ್ಟುಗಳನ್ನು ಹಿಡಿದು ತರಗತಿಗೆ ಹೋದೆನು. ಒಂದು ರಟ್ಟಿನಿಂದ ಮೇಲಿನ ಸಾಲುಗಳನ್ನೂ ಇನ್ನೊಂದರಿಂದ ಕೆಳಗಿನವನ್ನೂ ಮುಚ್ಚಿ, ಬೆಂಚಿನಿಂದ ಬೆಂಚಿಗೆ ನಡೆದು, ಒಬ್ಬೊಬ್ಬರಿಗೂ ಅವರವರ ಸಾಲನ್ನು ಮಾತ್ರ ತೋರಿಸಿದೆನು. ಎರಡು ಪೀರಿಯಡ್ಡು ಹಿಡಿಯಿತು. ಪಂಪನ ಪಾಠ ಮುಂದಕ್ಕೆ ಹೋಯಿತು. ಹಿಂದಿನ ಬೆಂಚಿನ ಹುಡುಗನೊಬ್ಬ, "ಇಷ್ಟೆಲ್ಲ ಯಾಕೆ ಸರ್, ಗ್ರೂಪಿಗೆ ಹಾಕಿಬಿಡಿ" ಎಂದನು. ಕೆಲವರು ನಕ್ಕರು. ಈಗ ಮೂರನೆಯ ವರ್ಷಕ್ಕೆ ಬಂದಿರುವ ಆ ಹುಡುಗಿ ಕಿಟಕಿಯ ಪಕ್ಕದಲ್ಲಿ ಕುಳಿತಿದ್ದಳು. ಅವಳ ಸರದಿ ಬಂದಾಗ ತನ್ನ ಸಾಲನ್ನು ಓದಿ, ತಂದೆಯ ಹೆಸರಿನಲ್ಲಿ ಒಂದು ಒತ್ತು ತಪ್ಪಿದೆಯೆಂದು ತೋರಿಸಿ, ರಟ್ಟನ್ನು ತಾನೇ ಎಳೆದು ಸಾಲಿನ ಮೇಲೆ ಮುಚ್ಚಿದಳು.